ಸರ್ಕಾರಿ ಶಾಲೆಯ ಕೊಠಡಿ, ಸೂರು, ಕಾಂಪೌಂಡ್: ಯಾವ ಕೆಲಸಕ್ಕೆ ಯಾವ ಅನುದಾನ ಕೇಳಬೇಕು?

ಶರಾವತಿ_ಹಿನ್ನೀರು
ಶಿವಮೊಗ್ಗ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ವಿಷಯ. ಒಂದರಿಂದ ಏಳು, 86 ಮಕ್ಕಳು, ದಾಖಲೆಯಲ್ಲಿ ಆರು ಕೊಠಡಿ. ಅಕ್ಕಪಕ್ಕದ ಎರಡು ಆರ್‌ಸಿಸಿ ಕೊಠಡಿ ಮಳೆಗಾಲ ಪೂರ್ತಿ ಸೋರುತ್ತವೆ. ಒಂದರಲ್ಲಿ ಸ್ಲ್ಯಾಬಿನ ಅಡಿ ಪ್ಲಾಸ್ಟರ್ ಉದುರಿ ಕಬ್ಬಿಣ ಕಾಣುತ್ತಿದೆ. ಹಳೇ ಹೆಂಚಿನ ಕೊಠಡಿಯ ಜಂಬಿಟ್ಟಿಗೆ ಗೋಡೆ ಹೊರಕ್ಕೆ ವಾಲಿದೆ, ಅದಕ್ಕೆ ಬೀಗ. ರಸ್ತೆ ಕಡೆ ಕಾಂಪೌಂಡೇ ಇಲ್ಲ.

ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಒಂದೇ ಮನವಿಯಲ್ಲಿ ಎಲ್ಲ ಬರೆದು ಶಾಸಕರಿಗೂ ಬಿಇಒಗೂ (ಕ್ಷೇತ್ರ ಶಿಕ್ಷಣಾಧಿಕಾರಿ) ಪಂಚಾಯ್ತಿಗೂ ಕೊಟ್ಟಿದ್ದಾರೆ. ಮೂರೂ ಕಡೆ ಇನ್ನೊಬ್ಬರನ್ನು ತೋರಿಸುತ್ತಾರೆ, ಪಂಚಾಯ್ತಿಯವರು ತಮ್ಮ ವ್ಯಾಪ್ತಿಗೇ ಬರಲ್ಲ ಅಂದಿದ್ದಾರೆ. ದುಡ್ಡು ನಿಜಕ್ಕೂ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ, ಯಾವ ತಿಂಗಳಲ್ಲಿ ಯಾರನ್ನು ಕೇಳಬೇಕು, ತಿಳಿದವರು ಬಿಡಿಸಿ ಹೇಳಿ.

ಅಂದಾಜುಪಟ್ಟಿ
ಒಂದೇ ಅರ್ಜಿಯಲ್ಲಿ ನಾಲ್ಕು ಕೆಲಸ ಬರೆದರೆ ನಾಲ್ಕೂ ಆಗುವುದಿಲ್ಲ. ಮೊದಲು ಅದನ್ನು ಬೇರೆ ಮಾಡಿ. ಸೋರುವ ಸ್ಲ್ಯಾಬ್ ದುರಸ್ತಿ ಒಂದು, ಶಿಥಿಲ ಕೊಠಡಿ ತೆರವು ಮತ್ತೊಂದು, ಅದರ ಬದಲಿಗೆ ಹೊಸ ಕೊಠಡಿ ಇನ್ನೊಂದು, ಕಾಂಪೌಂಡ್ ಬೇರೆಯೇ. ನಾಲ್ಕಕ್ಕೂ ಪ್ರತ್ಯೇಕ ಎಸ್‌ಡಿಎಂಸಿ ನಡಾವಳಿ, ಪ್ರತ್ಯೇಕ ಫೋಟೊ, ಪ್ರತ್ಯೇಕ ಅಂದಾಜು ಪಟ್ಟಿ.

ಹೊಸ ಕಟ್ಟಡ ಅಂದರೆ ಬಂಡವಾಳ ವೆಚ್ಚ, ರಾಜ್ಯ ಬಜೆಟ್‌ನಲ್ಲಿ 4202 ಎಂಬ ಲೆಕ್ಕಶೀರ್ಷಿಕೆ ಅಡಿ ಬರುತ್ತದೆ. ಸಂಬಳ, ನಿರ್ವಹಣೆಯಂಥದ್ದು 2202. ಕೊಠಡಿಗೆ ಬಂದ ದುಡ್ಡಲ್ಲಿ ಸುಣ್ಣ ಬಳಿಯಲು ಆಗದಿರುವುದು, ನಿರ್ವಹಣೆ ದುಡ್ಡಲ್ಲಿ ಕೊಠಡಿ ಕಟ್ಟಲು ಆಗದಿರುವುದು ಇದೇ ಕಾರಣಕ್ಕೆ. ಅಧಿಕಾರಿಗಳು ಬೇಕೂಂತ ಸತಾಯಿಸುತ್ತಾರೆ ಅಂತ ಎಲ್ಲ ಸಲವೂ ಅಂದುಕೊಳ್ಳಬೇಡಿ.

ಪಹಣಿ_ಪತ್ರ
ಜಾಗ ಯಾರ ಹೆಸರಲ್ಲಿದೆ? ಮೊದಲು ಅದು ಹೇಳಿ, ಉಳಿದದ್ದೆಲ್ಲ ಆಮೇಲೆ.

ಶರಾವತಿ_ಹಿನ್ನೀರು
ಅರ್ಧ ಗ್ರಾಮಠಾಣಾ (ಊರಿನ ವಸತಿ ಜಾಗ) ಮೇಡಂ. ಆಟದ ಮೈದಾನ, ಹೆಂಚಿನ ಕೊಠಡಿ ಇರುವ ಭಾಗ ಹಿಂದೆ ಒಬ್ಬರು ದಾನ ಕೊಟ್ಟಿದ್ದು, ಬಾಯಿಮಾತಲ್ಲಿ. ಪಹಣಿ ಈಗಲೂ ಅವರ ಹೆಸರಲ್ಲೇ ಇದೆ. ಅವರು ತೀರಿಕೊಂಡಿದ್ದಾರೆ.

ಪಹಣಿ_ಪತ್ರ
ಹಾಗಾದರೆ ಆ ಭಾಗದಲ್ಲಿ ಹೊಸ ಕೊಠಡಿ ಮಂಜೂರಾದರೂ ಕೆಲಸ ಶುರುವಾಗುವ ದಿನ ವಾರಸುದಾರರಲ್ಲಿ ಒಬ್ಬರು ತಕರಾರು ಅರ್ಜಿ ಕೊಟ್ಟರೆ ಸಾಕು, ನಿಲ್ಲುತ್ತದೆ. ಆ ವರ್ಷದ ಅನುದಾನ ಬೇರೆ ಶಾಲೆಗೆ ಹೋಗುತ್ತದೆ. ಹೀಗೆ ಕೈತಪ್ಪಿದ ಕೊಠಡಿಗಳು ಎಲ್ಲ ತಾಲ್ಲೂಕಿನಲ್ಲೂ ಇವೆ.

ಮಾಡಬೇಕಾದ್ದು ಇಷ್ಟು. ದಾನಿಯ ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ನಕ್ಷೆ) ಬೇಕೇ ಬೇಕು, ಅದಕ್ಕೆ ಅರ್ಜಿ ಹಾಕಿ ಅಳತೆ ಮಾಡಿಸಿ. ಆಮೇಲೆ ಎಲ್ಲ ವಾರಸುದಾರರೂ ಸೇರಿ ಶಿಕ್ಷಣ ಇಲಾಖೆಯ ಹೆಸರಿಗೆ ನೋಂದಾಯಿತ ದಾನಪತ್ರ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬಿಡಬೇಡಿ. ಅಲ್ಲೇ ಮುಂದೆ ಕೋರ್ಟು ಕಚೇರಿ ಶುರುವಾಗುವುದು. ಊರಲ್ಲಿಲ್ಲದವರು ಅಧಿಕಾರ ಪತ್ರ ಕಳಿಸಬಹುದು. ನೋಂದಣಿಯಾದ ಮೇಲೆ ಮ್ಯುಟೇಶನ್ ಆಗಿ ಪಹಣಿಯಲ್ಲಿ ಹೆಸರು ಬದಲಾಯಿತೇ ಎಂದು ಖುದ್ದಾಗಿ ನೋಡಿ.

ಗ್ರಾಮಠಾಣಾ ಭಾಗಕ್ಕೆ ಪಂಚಾಯ್ತಿಯಿಂದ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ಮಾಡಿಸಿ. ದಾನಪತ್ರ ಆಗುವವರೆಗೆ ಹೊಸ ಕೊಠಡಿಯನ್ನು ಗ್ರಾಮಠಾಣಾ ಕಡೆಯೇ ತೋರಿಸಿ ನಕ್ಷೆ ಕೊಡಿ.

ಹೆಂಚಿನಮನೆ
ಮಲೆನಾಡಲ್ಲಿ ಇನ್ನೊಂದು ತಲೆನೋವು, ಶಾಲೆ ಇರುವ ಜಾಗ ಕಂದಾಯವೇ ಅರಣ್ಯವೇ ಅಂತ. ಅರಣ್ಯ ಅಂತಾದರೆ ಕೈಚೆಲ್ಲಬೇಡಿ. ಅರಣ್ಯ ಹಕ್ಕು ಕಾಯ್ದೆಯ 3(2)ರಲ್ಲಿ ಶಾಲೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಪಡೆಯಲು ಅವಕಾಶ ಇದೆ, ಹೆಕ್ಟೇರಿಗೆ 75 ಮರ ಮೀರಿ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ದೆಹಲಿಗೆ ಕಡತ ಹೋಗಬೇಕಾಗಿಲ್ಲ.

ಬಯಲುಸೀಮೆ
ಇಷ್ಟೆಲ್ಲ ಯಾಕೆ ಸ್ವಾಮಿ. ಶಾಸಕರು ಮನಸ್ಸು ಮಾಡಿದರೆ ಒಂದು ವಾರದಲ್ಲಿ ಆಗುತ್ತೆ. ಬಾಕಿ ಎಲ್ಲ ಕಾಗದದ ಮಾತು.

ಯುಡೈಸ್_ಅಕ್ಕ
ಶಾಸಕರು ಮನಸ್ಸು ಮಾಡಿದರೂ ಪಟ್ಟಿಯಲ್ಲಿ ಹೆಸರು ಬರಬೇಕಲ್ಲ ಸರ್. ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಯುಡೈಸ್ ಪ್ಲಸ್ (ಶಾಲೆಗಳ ಮಾಹಿತಿ ತುಂಬುವ ಆನ್‌ಲೈನ್ ದತ್ತಾಂಶ) ಅಂಕಿಅಂಶದ ಮೇಲೆ ನಿಂತಿದೆ. ಅದರಲ್ಲಿ ಪ್ರತಿ ಶಾಲೆಯ ಕೊಠಡಿ ಎಷ್ಟು ಸುಸ್ಥಿತಿ, ಎಷ್ಟಕ್ಕೆ ಸಣ್ಣ ದುರಸ್ತಿ, ಎಷ್ಟಕ್ಕೆ ದೊಡ್ಡ ದುರಸ್ತಿ ಅಂತ ತುಂಬಬೇಕು. ಹಳೇ ವರ್ಷದ್ದನ್ನೇ ನಕಲು ಮಾಡಿ ಆರೂ ಸುಸ್ಥಿತಿ ಅಂತ ಹಾಕಿದ್ದರೆ ಬೆಂಗಳೂರಿನ ಕಂಪ್ಯೂಟರಿಗೆ ನಿಮ್ಮ ಶಾಲೆ ಚೆನ್ನಾಗಿದೆ. 86 ಮಕ್ಕಳಿಗೆ ಆರು ಒಳ್ಳೇ ಕೊಠಡಿ, ಏಳನೆಯದು ಯಾಕೆ ಅಂತ ಕೇಳುತ್ತಾರೆ, ಕೇಳುವುದು ಸರಿಯೂ ಹೌದು.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನುಸೂಚಿ ಪ್ರಕಾರ ಒಬ್ಬ ಶಿಕ್ಷಕರಿಗೆ ಒಂದು ಕೊಠಡಿ, ಜೊತೆಗೆ ಕಚೇರಿ ಮತ್ತು ದಾಸ್ತಾನಿಗೆ ಒಂದು. ಮಂಜೂರಾದ ಹುದ್ದೆ ಎಷ್ಟು, ಬಳಸಬಹುದಾದ ಕೊಠಡಿ ಎಷ್ಟು, ಕೊರತೆ ಎಷ್ಟು: ಮನವಿಯಲ್ಲಿ ಈ ಮೂರು ಅಂಕಿ ಮೊದಲ ಸಾಲಲ್ಲೇ ಇರಲಿ.

ಮುಖ್ಯಗುರುಗಳ ಹತ್ತಿರ ಯುಡೈಸ್ ವರದಿಯ ಮುದ್ರಿತ ಪ್ರತಿ ಕೇಳಿ ಎಸ್‌ಡಿಎಂಸಿ ಸಭೆಯಲ್ಲಿ ಓದಿಸಿ. ತಪ್ಪಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ತಿದ್ದಿಸಬೇಕು, ದತ್ತಾಂಶ ಮುಚ್ಚುವ ಮೊದಲು.

ಬಯಲುಸೀಮೆ
ಒಪ್ಪಿದೆ ಮೇಡಂ, ಆದರೆ ಸಮಗ್ರ ಶಿಕ್ಷಣದಲ್ಲಿ ಕೇಂದ್ರ 60 ರಾಜ್ಯ 40. ಒಂದು ಕಡೆ ತಡವಾದರೆ ಇನ್ನೊಂದು ಕಡೆಯೂ ತಡ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2021ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಕ್ರಿಯಾಯೋಜನೆ ಮಾಡುವಾಗ ಊರಿನ ಪರ ಕೂತು ವಾದಿಸುವ ಸದಸ್ಯನೇ ಇಲ್ಲದಿದ್ದರೆ ಶಾಸಕರ ಮಾತೇ ಅಂತಿಮ. ಅದಕ್ಕೆ ಹಾಗೆ ಹೇಳಿದ್ದು.

ಅಂದಾಜುಪಟ್ಟಿ
ಅದು ಸರಿಯಾದ ಮಾತು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಸಂಸದರ ನಿಧಿಯಲ್ಲಿ ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದ ಜನ ಇರುವ ಪ್ರದೇಶಕ್ಕೆ ಶಿಫಾರಸು ಮಾಡಬೇಕು. ನಿಮ್ಮ ಶಾಲೆ ಅಂಥ ಕೇರಿಗೆ ಹೊಂದಿಕೊಂಡಿದ್ದರೆ ಮನವಿಯಲ್ಲಿ ಬರೆಯಿರಿ. ಈ ನಿಧಿಗಳಲ್ಲಿ ಶಾಶ್ವತ ಆಸ್ತಿ ಕೇಳಿ, ಸುಣ್ಣಬಣ್ಣ ಕೇಳಬೇಡಿ.

ದೊಡ್ಡ ಪ್ರಮಾಣದ ಕೊಠಡಿಗಳಿಗೆ ನಬಾರ್ಡ್‌ನ ಆರ್‌ಐಡಿಎಫ್ (ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ) ಇದೆ. 1995-96ರಿಂದ ನಡೆದು ಬಂದ ನಿಧಿ. ಅದು ರಾಜ್ಯಕ್ಕೆ ಸಾಲ, ಶಾಲೆಗೆ ನೇರ ಅರ್ಜಿ ಇಲ್ಲ. ಕೆಲಸ ಆದಷ್ಟು ಖರ್ಚು ತೋರಿಸಿ ರಾಜ್ಯ ಮರುಪಾವತಿ ಪಡೆಯಬೇಕು. ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿಯಿಂದ ಪಟ್ಟಿ ಹೋಗುವಾಗ ನಿಮ್ಮದು ಸೇರಿರಬೇಕು, ಅಷ್ಟೇ ನಿಮ್ಮ ಕೈಯಲ್ಲಿರುವುದು.

ಜಲ್ಲಿಮರಳು
ಒಂದು ವಿಷಯ ಯಾರೂ ಹೇಳಲಿಲ್ಲ. ಶಾಸಕರು 10 ಲಕ್ಷ ಕೊಟ್ಟರು ಅಂತ ಬ್ಯಾನರ್ ಕಟ್ಟುತ್ತೀರಿ. ಆ 10 ಲಕ್ಷದ ಒಳಗೇ ಜಿಎಸ್‌ಟಿ ಶೇ 18 ಇರುತ್ತದೆ. 10 ಲಕ್ಷವನ್ನು 1.18ರಿಂದ ಭಾಗಿಸಿ: 8.47 ಲಕ್ಷ ಕೆಲಸ, 1.53 ಲಕ್ಷ ತೆರಿಗೆ. ಸರ್ಕಾರಿ ಕಾಮಗಾರಿಗೆ ಮೊದಲು ಶೇ 12 ಇತ್ತು, 2022ರ ಜುಲೈನಿಂದ 18. ಅದರ ಮೇಲೆ ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಜಲ್ಲಿ ಮರಳಿನ ರಾಜಧನ, ಭದ್ರತಾ ಠೇವಣಿ ಬಿಲ್ಲಲ್ಲೇ ಹಿಡಿಯುತ್ತಾರೆ.

ಎರಡು ಕೊಠಡಿಗೆ ಅಂದಾಜು ಮಾಡಿ ಒಂದೂವರೆ ಕೊಠಡಿಯ ದುಡ್ಡು ಕೊಟ್ಟರೆ ನೆಲದ ಟೈಲ್ಸ್, ಕಿಟಕಿ, ವೈರಿಂಗ್ ಬಿಟ್ಟುಹೋಗುತ್ತದೆ. ಆಮೇಲೆ ಗುತ್ತಿಗೆದಾರ ತಿಂದ ಅನ್ನುತ್ತೀರಿ.

ಯುಡೈಸ್_ಅಕ್ಕ
ತಿನ್ನುವವರು ಇಲ್ಲ ಅಂತೀರಾ?

ಜಲ್ಲಿಮರಳು
ಇದ್ದಾರೆ ಮೇಡಂ, ಇಲ್ಲ ಅನ್ನಲ್ಲ. ಆದರೆ ಹಿಡಿಯಬೇಕಾದರೆ ಅಂದಾಜು ಪಟ್ಟಿ ಕೈಯಲ್ಲಿರಬೇಕು. ಸ್ಲ್ಯಾಬ್ ಹಾಕುವ ಹಿಂದಿನ ದಿನ ಕಬ್ಬಿಣ ಕಟ್ಟಿರುತ್ತಾರೆ. ಆವತ್ತು ಎಸ್‌ಡಿಎಂಸಿಯಿಂದ ಇಬ್ಬರು ಟೇಪ್ ಹಿಡಿದು ಹೋಗಿ. ಕಂಬಿಯಿಂದ ಕಂಬಿಗೆ ಅಂತರ ಎಷ್ಟು, ಕಂಬಿ ದಪ್ಪ ಎಷ್ಟು, ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರಾ ನೋಡಿ. ಸ್ಲ್ಯಾಬಿಗೆ 20 ಮಿ.ಮೀ. ಕವರ್, ಅಂದರೆ ಕಂಬಿಯ ಕೆಳಗೆ ಅಷ್ಟು ಕಾಂಕ್ರೀಟ್ ಪದರ, ಬೇಕು. ಕಂಬಿ ನೇರ ಸೆಂಟ್ರಿಂಗ್ ತಗಡಿನ ಮೇಲೆ ಮಲಗಿದ್ದರೆ ಹತ್ತು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಪ್ಲಾಸ್ಟರ್ ಒದ್ದು ಹೊರಬರುತ್ತದೆ. ಮೇಲೆ ಹೇಳಿದ ಸೋರುವ ಕೊಠಡಿಯ ಕಥೆ ಬಹುಶಃ ಅದೇ.

ಕಾಂಕ್ರೀಟ್ ಹಾಕಿದ ಮೇಲೆ ಹೋಗಿ ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ.

ಕೊಪ್ಪಳದ_ಹುಡುಗ
ನಮ್ಮ ಕಡೆ ಲೆಕ್ಕಾನ ಬ್ಯಾರೆ ಐತ್ರಿ. ಸಂವಿಧಾನದಾಗ 371(ಜೆ) ಬಂದಮ್ಯಾಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೊಕ್ಕ ಬರ್ತೈತಿ, ಏಳು ಜಿಲ್ಲೆಗೆ. ಅದ್ರಾಗ ಶಾಲಿಗೆ ದೊಡ್ಡ ಪಾಲು ಇಟ್ಟಾರ. ಬಳ್ಳಾರಿ, ಸಂಡೂರು ಕಡೆ ಗಣಿ ಬಾಧಿತ ಹಳ್ಳಿ ಇದ್ರ ಜಿಲ್ಲಾ ಖನಿಜ ನಿಧಿನೂ ಐತಿ. 2015ರ ಕಾಯ್ದೆ ತಿದ್ದುಪಡಿ ಆದಮ್ಯಾಲೆ ಗಣಿಯವ್ರು ರಾಜಧನದ ಮ್ಯಾಲೆ ಕಟ್ಟೋ ರೊಕ್ಕ ಅದು. ಶಿಕ್ಷಣ ಅದ್ರಾಗ ಆದ್ಯತೆ ಪಟ್ಟಿಯೊಳಗ ಬರ್ತದ.

ರೊಕ್ಕ ಇಲ್ಲ ಅನ್ನೂದು ನಮ್ಮಲ್ಲಿ ತೊಂದ್ರಿ ಅಲ್ರಿ. ಕೆಲಸ ಮಾಡೋ ಏಜೆನ್ಸಿ ತೊಂದ್ರಿ. ಒಂದ ಏಜೆನ್ಸಿಗೆ ಕೈತುಂಬ ಕೆಲಸ ಕೊಡ್ತಾರ, ಪಾಯಾ ಹಾಕಿ ಬಿಟ್ಟು ಹೋಗ್ತಾರ. ಕಂಬಿ ಆಕಾಶ ನೋಡಕೋತ ನಿಂತಿರ್ತಾವ.

ಅಂದಾಜುಪಟ್ಟಿ
ಟೆಂಡರ್ ಇಲ್ಲದೆ, ರಾಜ್ಯದ ಟೆಂಡರ್ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ, ನಿರ್ಮಿತಿ ಕೇಂದ್ರಕ್ಕೋ ಕೆಆರ್‌ಐಡಿಎಲ್‌ಗೋ (ಸರ್ಕಾರದ ನಿರ್ಮಾಣ ಸಂಸ್ಥೆಗಳು) ಕೊಟ್ಟಾಗ ಹೀಗಾಗುವುದುಂಟು. ಅವರು ಒಳಗೆ ಮತ್ತೆ ಸಣ್ಣ ಗುತ್ತಿಗೆದಾರರಿಗೆ ಹಂಚುತ್ತಾರೆ. ಅನುಕೂಲ ಏನೆಂದರೆ ಕೆಲಸ ಬೇಗ ಶುರುವಾಗುತ್ತದೆ.

ಜಲ್ಲಿಮರಳು
ಬೇಗ ಶುರುವಾಗಿ ಏನು ಬಂತು, ಬೇಗ ಮುಗಿಯಬೇಕಲ್ಲ? ಟೆಂಡರ್‌ನಲ್ಲಿ ಅವಧಿ ಮೀರಿದರೆ ದಂಡ ಹಾಕಲು ಷರತ್ತಿದೆ. ಸರ್ಕಾರದ್ದೇ ಸಂಸ್ಥೆಗೆ ಯಾರು ದಂಡ ಹಾಕುತ್ತಾರೆ?

ಅಂದಾಜುಪಟ್ಟಿ
ಟೆಂಡರ್‌ನಲ್ಲೂ ಅಂದಾಜಿಗಿಂತ ತೀರಾ ಕಡಿಮೆಗೆ ಹಾಕಿ ಕೆಲಸ ಹಿಡಿದು ಅರ್ಧಕ್ಕೆ ಬಿಟ್ಟವರು ಇದ್ದಾರೆ. ಇನ್ನು ಟೆಂಡರ್ ತಪ್ಪಿಸಲು ಒಂದೇ ಕಟ್ಟಡವನ್ನು 5 ಲಕ್ಷದೊಳಗಿನ ತುಂಡು ಗುತ್ತಿಗೆಗಳಾಗಿ ಒಡೆಯುವುದು ಇದೆಲ್ಲಕ್ಕಿಂತ ಕೆಟ್ಟದ್ದು. ಪಾಯ ಒಬ್ಬ, ಗೋಡೆ ಒಬ್ಬ, ಸ್ಲ್ಯಾಬ್ ಒಬ್ಬ. ಬಿರುಕು ಬಿಟ್ಟಾಗ ಮೂವರೂ ಜವಾಬ್ದಾರರಲ್ಲ. ಕಾಯ್ದೆಯಲ್ಲಿ ಹೀಗೆ ಒಡೆಯಲು ಅವಕಾಶವೇ ಇಲ್ಲ.

ಹೆಂಚಿನಮನೆ
ಮೂಲ ಪ್ರಶ್ನೆಗೆ ಬನ್ನಿ ಮಾರಾಯ್ರೆ. ಸೋರುವ ಎರಡು ಕೊಠಡಿಗೆ ಏನು ಮಾಡುವುದು? ನಮ್ಮ ಕಡೆ ಎಲ್ಲರೂ ಮೇಲೆ ಶೀಟ್ ಹೊದಿಸುತ್ತಾರೆ.

ಅಂದಾಜುಪಟ್ಟಿ
ಕಬ್ಬಿಣ ಕಾಣುತ್ತಿದೆ ಅಂದಮೇಲೆ ಬರೀ ಶೀಟ್ ಸಾಲದು. ಮೊದಲು ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಬಂದು ನೋಡಬೇಕು, ಅಲ್ಲಿಯವರೆಗೆ ಆ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ದುರಸ್ತಿ ಮಾಡಬಹುದು ಅಂದರೆ ಕ್ರಮ ಹೀಗೆ. ಅಡಿಯಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ ಟೊಳ್ಳು ಸದ್ದು ಬರುವಷ್ಟೂ ಕೆತ್ತಿ ತೆಗೆಯಬೇಕು, ಕಂಬಿಯ ಹಿಂಬದಿಯವರೆಗೆ. ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಬೇಕು. ಕಂಬಿ ತೀರಾ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು. ತುಕ್ಕು ನಿರೋಧಕ ಬಳಿದು, ಅಂಟುದ್ರಾವಣ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯನ್ನು ಪದರ ಪದರವಾಗಿ ತುಂಬಬೇಕು. ಇದನ್ನು ಬಿಟ್ಟು ಮಾಮೂಲಿ ಸಿಮೆಂಟ್ ಪ್ಲಾಸ್ಟರ್ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಚಕ್ಕೆಯಂತೆ ಕಳಚಿ ಬೀಳುತ್ತದೆ, ಅದೂ ಮಕ್ಕಳ ತಲೆ ಮೇಲೆ.

ಮೇಲ್ಗಡೆ ಸೋರುವುದು ಸಾಮಾನ್ಯವಾಗಿ ಸ್ಲ್ಯಾಬಿನ ನಡುವೆ ಅಲ್ಲ, ಪ್ಯಾರಾಪೆಟ್ ಗೋಡೆ ಸ್ಲ್ಯಾಬನ್ನು ಕೂಡುವ ಮೂಲೆಯಲ್ಲಿ, ಮತ್ತೆ ನೀರು ಹೋಗುವ ಪೈಪಿನ ಬಾಯಲ್ಲಿ. ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಮೂಲೆಗೆ ಗೋಲಾ (ಗಾರೆಯ ದುಂಡು ಅಂಚು) ಕೊಟ್ಟು, 20×25 ಅಡಿ ಕೊಠಡಿಗೆ ನಾಲ್ಕಿಂಚಿನ ಪೈಪು ಎರಡಾದರೂ ಇಡಿ. ಕೆಲಸ ಮುಗಿದ ಮೇಲೆ ಪೈಪು ಮುಚ್ಚಿ ಎರಡಿಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟು ಕೆಳಗೆ ನೋಡಿ. ಅಂತಿಮ ಬಿಲ್ಲಿಗೆ ಮೊದಲು ಈ ಪರೀಕ್ಷೆ ಆಗಬೇಕು.

ಹೆಂಚಿನಮನೆ
ಮಲೆನಾಡಿನ ಮಳೆಗೆ ಅದಾದ ಮೇಲೂ ಶೀಟ್ ಬೇಕು ಅನ್ನುವುದು ನನ್ನ ಅಭಿಪ್ರಾಯ. ಎರಡು ಕೊಠಡಿ ಸೇರಿ 20×50 ಅಡಿ, ಸುತ್ತ ಮೂರಡಿ ಹೊರಚಾಚು ಬಿಟ್ಟರೆ 26×56, ಅಂದರೆ 1,456 ಚದರಡಿ, ಇಳಿಜಾರಿಗೆ ಇನ್ನಷ್ಟು ಸೇರುತ್ತದೆ. ಕಂಬ ಗೋಡೆಯ ಮೇಲೆ ನಿಲ್ಲಲಿ, ಸ್ಲ್ಯಾಬಿನ ನಡುವೆ ಬೇಡ. ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಅಲ್ಲೇ ಹೊಸ ಸೋರಿಕೆ. ಹೊರಚಾಚು ಇಲ್ಲದೆ ಗೋಡೆಗೆ ಸರಿಯಾಗಿ ಕತ್ತರಿಸಿದ ಶೀಟ್ ನಮ್ಮ ಕಡೆಯ ಓರೆ ಮಳೆಗೆ ಏನೂ ಪ್ರಯೋಜನವಿಲ್ಲ.

ಶರಾವತಿ_ಹಿನ್ನೀರು
ಇದಕ್ಕೆ ಶಾಲಾ ಅನುದಾನ ಬಳಸಬಹುದಾ?

ಯುಡೈಸ್_ಅಕ್ಕ
ಸಾಲುವುದಿಲ್ಲ. ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ: 30ರವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ. ನಿಮ್ಮ 86 ಮಕ್ಕಳಿಗೆ 25,000. ಅದರಲ್ಲಿ ಕನಿಷ್ಠ ಶೇ 10, ಅಂದರೆ 2,500 ಸ್ವಚ್ಛತೆಗೆ. ಉಳಿದದ್ದರಲ್ಲಿ ಸೀಮೆಸುಣ್ಣ, ದಾಖಲೆ ಪುಸ್ತಕ, ಬಲ್ಬು, ನಲ್ಲಿ. ಸೂರಿನ ಎಲೆ ತೆಗೆಸಿ ಪೈಪು ಬದಲಿಸುವಷ್ಟು ಮಾತ್ರ ಇದರಲ್ಲಿ ಆಗುತ್ತದೆ, ಅದನ್ನು ಮೇ ತಿಂಗಳಲ್ಲೇ ಮಾಡಿಸಿ.

ಇನ್ನೊಂದು, ಈಗ ದುಡ್ಡು ಶಾಲೆ ಖಾತೆಯಲ್ಲಿ ಕೂತಿರುವುದಿಲ್ಲ. ಖರ್ಚಿನ ಮಿತಿ ಮಾತ್ರ ಕೊಡುತ್ತಾರೆ, ಮಾರ್ಚ್ 31ರೊಳಗೆ ಬಳಸದಿದ್ದರೆ ವಾಪಸ್. ಎಷ್ಟೋ ಸಲ ಮಿತಿ ಬರುವುದೇ ವರ್ಷದ ಕೊನೆಗೆ. ಕೊಟೇಶನ್, ನಡಾವಳಿ ಮೊದಲೇ ತಯಾರಿರಲಿ.

ಪಹಣಿ_ಪತ್ರ
ದುರಸ್ತಿಗೆ ತಾಲ್ಲೂಕು ಪಂಚಾಯ್ತಿಯ ಅನಿರ್ಬಂಧಿತ ಅನುದಾನ, ಜಿಲ್ಲಾ ಪಂಚಾಯ್ತಿಯ ಶಾಲಾ ದುರಸ್ತಿ ಅನುದಾನ ಕೇಳಿ. ವಾಲಿದ ಗೋಡೆ ಈ ಮಳೆಯಲ್ಲಿ ಬಿದ್ದರೆ ಮಳೆಹಾನಿ ಲೆಕ್ಕಕ್ಕೆ ಬರುತ್ತದೆ. ಆವತ್ತೇ ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ಮಹಜರು, ಫೋಟೊ ಮಾಡಿಸಿ ತಹಶೀಲ್ದಾರರಿಗೆ ಕಳಿಸಿ. ತಿಂಗಳುಗಟ್ಟಲೆ ತಡಮಾಡಿ ಹೋದರೆ ಹಳೇ ಶಿಥಿಲ ಅಂತ ತಳ್ಳಿಹಾಕುತ್ತಾರೆ. ಸೋರುವುದು ಮಾತ್ರ ಮಳೆಹಾನಿ ಅಲ್ಲ.

ಪಂಚಾಯ್ತಿಯವರು ವ್ಯಾಪ್ತಿಗೆ ಬರಲ್ಲ ಅಂದಿದ್ದು ಪೂರ್ತಿ ನಿಜವಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-26ರಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟುನಿಟ್ಟಾಗಿತ್ತು. ಶಾಲೆ ಶೌಚಾಲಯ, ಕುಡಿಯುವ ನೀರು ಅದರಲ್ಲಿ ಹಾಕಲು ಬರುತ್ತಿತ್ತು. ಕಾಂಪೌಂಡ್, ಆಟದ ಮೈದಾನ ನರೇಗಾದಲ್ಲಿ ಎಷ್ಟೋ ಕಡೆ ಆಗಿವೆ. ಅಕ್ಟೋಬರ್ 2ರಿಂದ ಶುರುವಾಗುವ ಪಂಚಾಯ್ತಿ ಯೋಜನೆಯ ಗ್ರಾಮಸಭೆಗಳಲ್ಲಿ ಕೆಲಸ ನಡಾವಳಿಗೆ ಸೇರಬೇಕು. ಜನವರಿಯಲ್ಲಿ ಹೋಗಿ ಕೇಳಿದರೆ ಪಿಡಿಒ ಏನೂ ಮಾಡಲಾರರು.

ಬಯಲುಸೀಮೆ
ನರೇಗಾದಲ್ಲಿ ಕಾಂಪೌಂಡ್ ಅಂದರೆ ಪಿಡಿಒಗಳು ಹಿಂದೆಮುಂದೆ ನೋಡುತ್ತಿದ್ದುದಕ್ಕೆ ಕಾರಣ 60:40. ಕೂಲಿ ಕನಿಷ್ಠ ಶೇ 60 ಇರಬೇಕಿತ್ತು, ಸಾಮಗ್ರಿ ಶೇ 40 ಮೀರುವಂತಿರಲಿಲ್ಲ. ಕಲ್ಲು ಸಿಮೆಂಟ್ ಗೋಡೆಯಲ್ಲಿ ಸಾಮಗ್ರಿಯೇ ಹೆಚ್ಚು. ಬದು, ಕೃಷಿಹೊಂಡದಂಥ ಕೂಲಿ ಕೆಲಸ ಜಾಸ್ತಿ ಆಗಿರುವ ಪಂಚಾಯ್ತಿಯಲ್ಲಿ ಮಾತ್ರ ಅನುಪಾತ ಸರಿತೂಗುತ್ತಿತ್ತು.

ದೂರದೇಶ
ಹಳೇ ವಿದ್ಯಾರ್ಥಿಗಳು ಸೇರಿ ಒಂದು ಕೊಠಡಿ ಕಟ್ಟಿಕೊಡಬಹುದಾ? ಹೊರದೇಶದಲ್ಲಿರುವವರು ಸುಮಾರು ಜನ ಇದ್ದಾರೆ.

ಯುಡೈಸ್_ಅಕ್ಕ
ಖಂಡಿತ. ಬಿಇಒ ಲಿಖಿತ ಒಪ್ಪಿಗೆ, ಇಲಾಖೆ ಎಂಜಿನಿಯರ್ ನಕ್ಷೆ, ಮುಗಿದ ಮೇಲೆ ಹಸ್ತಾಂತರ ಪತ್ರ. ಶಾಲೆಗೆ ನೆರವು ಕೇಳುವ ಸರ್ಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲೂ ಶಾಲೆಯ ಬೇಡಿಕೆ ಹಾಕಬಹುದು. ನಗದು ಬೇಡ, ಬ್ಯಾಂಕ್ ಮೂಲಕವೇ ಬರಲಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ ಸರಿ, ಕಳಿಸಿದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಕಾಯ್ದೆ ಬರುತ್ತದೆ. ಎಸ್‌ಡಿಎಂಸಿ ಖಾತೆಗೆ ಅದನ್ನು ಹಾಕಿಸಬೇಡಿ.

ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಆದರೆ ಅವರೇ ನೇರ ಕಟ್ಟಿಸಬೇಕು, ಇಲ್ಲವೇ ಸಿಎಸ್‌ಆರ್-1 ನೋಂದಣಿ ಇರುವ ಸಂಸ್ಥೆ ಮೂಲಕ. ಶಾಲೆ ಹೆಸರಿಗೆ ಚೆಕ್ ಕೊಡಿ ಅಂದರೆ ಕೊಡುವುದಿಲ್ಲ.

ಕುಂಬಳೆ_ಕಡಲು
ಗಡಿ ಈಚೆ ಕಾಸರಗೋಡಿನ ಸರ್ಕಾರಿ ಶಾಲೆಗಳಿಗೆ ದೊಡ್ಡ ಕಟ್ಟಡ ಬಂದಿದ್ದು ಕಿಫ್ಬಿ (ಕೇರಳದ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ) ಸಾಲದಿಂದ. ಕಿಫ್ಬಿ ಕಾಯ್ದೆಯ 2016ರ ತಿದ್ದುಪಡಿ ನಂತರ ಕೇರಳ ಮೋಟಾರು ವಾಹನ ತೆರಿಗೆಯ ಪಾಲು, ಪೆಟ್ರೋಲ್ ಸೆಸ್ ಅಡವಿಟ್ಟು ಬಜೆಟ್ ಹೊರಗೆ ಸಾಲ ಎತ್ತಿತು. ಈಗ ಆ ಸಾಲ ರಾಜ್ಯದ್ದೇ ಲೆಕ್ಕ ಅಂತ ಕೇಂದ್ರದ ಜೊತೆ ಜಗಳ. ಆದರೆ ಇಲ್ಲಿನ ಕನ್ನಡ ಶಾಲೆಗಳಲ್ಲಿ ಖಾಸಗಿ ಅನುದಾನಿತವೂ ಬಹಳ, ಅವುಗಳ ಕಟ್ಟಡ ಮ್ಯಾನೇಜರ್ ಹೊಣೆ. ಮಕ್ಕಳು ಕಡಿಮೆಯಾದ ಶಾಲೆಗೆ ಮ್ಯಾನೇಜರ್ ದುಡ್ಡು ಹಾಕುವುದಿಲ್ಲ.

ಕೊಪ್ಪಳದ_ಹುಡುಗ
ಸಾಲದ ಮಾತು ಬಂತಲ್ರಿ, 2025-26ರ ಬಜೆಟ್‌ನ್ಯಾಗ ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ನೆರವಿನಿಂದ 2,500 ಕೋಟಿ, 500 ಹೊಸ ಕೆಪಿಎಸ್ (ಕರ್ನಾಟಕ ಪಬ್ಲಿಕ್ ಶಾಲಿ) ಅಂದಾರ. ಎಲ್ಲಾ ರೊಕ್ಕ ದೊಡ್ಡ ಶಾಲಿಗೆ ಹೋದ್ರ 86 ಮಕ್ಕಳ ಶಾಲಿ ಗತಿ ಏನ್ರಿ? ಸಣ್ಣಮಕ್ಕಳು ಐದಾರು ಕಿಲೋಮೀಟರ್ ಹ್ಯಾಂಗ ಹೋಗ್ತಾವ?

ಬಯಲುಸೀಮೆ
ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿ, ವಿಷಯಕ್ಕೊಬ್ಬ ಶಿಕ್ಷಕರು ಸಿಕ್ಕರೆ ಪೋಷಕರೇ ಬಸ್ಸು ಹತ್ತಿಸುತ್ತಾರೆ. ಖಾಸಗಿ ಶಾಲೆಗೆ ಕಳಿಸುತ್ತಿಲ್ಲವೇ?

ಹೆಂಚಿನಮನೆ
ಜುಲೈ ಮಳೆಯಲ್ಲಿ ಹಳ್ಳ ತುಂಬಿದಾಗ ಯಾವ ಬಸ್ಸು? ಬಯಲುಸೀಮೆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಒಂದರಿಂದ ಐದರವರೆಗೆ ಊರಲ್ಲೇ ಇರಬೇಕು, ಸೂರು ಗಟ್ಟಿಯಿರಬೇಕು.

ಜಲ್ಲಿಮರಳು
ಹೊಸ ಕೊಠಡಿಗಳ ವಿಷಯದಲ್ಲಿ 2022ರಲ್ಲಿ ವಿವೇಕ ಯೋಜನೆಯ 7,601 ಕೊಠಡಿ ಘೋಷಣೆಯಾದಾಗ ಚರ್ಚೆ ಎಲ್ಲ ಗೋಡೆಗೆ ಬಳಿಯುವ ಬಣ್ಣದ ಮೇಲೇ ನಡೆಯಿತು. ಕವರ್ ಬ್ಲಾಕ್ ಬಗ್ಗೆ ಒಬ್ಬರೂ ಕೇಳಲಿಲ್ಲ.

ಶರಾವತಿ_ಹಿನ್ನೀರು
ಹೆಂಚಿನ ಕೊಠಡಿ ಕೆಡವಬೇಕಾದರೆ ನಾವೇ ಊರವರು ಶ್ರಮದಾನ ಮಾಡಿ ಇಳಿಸಬಹುದಾ? ಹೆಂಚು, ಮರ ಚೆನ್ನಾಗಿದೆ.

ಅಂದಾಜುಪಟ್ಟಿ
ಮುಟ್ಟಬೇಡಿ. ಎಇಇಯಿಂದ ಶಿಥಿಲ ಎಂಬ ಪ್ರಮಾಣಪತ್ರ, ಬಿಇಒ ಮೂಲಕ ತೆರವಿಗೆ ಅನುಮತಿ, ಆಮೇಲೆ ಹೆಂಚು ಮರಮುಟ್ಟಿನ ಹರಾಜು, ಬಂದ ದುಡ್ಡು ಸರ್ಕಾರಕ್ಕೆ ಜಮಾ. ಅನುಮತಿ ಇಲ್ಲದೆ ಇಳಿಸಿದರೆ ಸರ್ಕಾರಿ ಆಸ್ತಿ ನಾಶ ಅಂತ ಮುಖ್ಯಗುರುಗಳ ಮೇಲೆ ಬರುತ್ತದೆ. ತೆರವಾದ ಆದೇಶ ಇದ್ದರೇ ಯುಡೈಸ್‌ನಲ್ಲಿ ಆರು ಇದ್ದದ್ದು ಐದಾಗುವುದು, ಹೊಸ ಕೊಠಡಿಯ ಬೇಡಿಕೆಗೆ ಆಧಾರ ಸಿಗುವುದು.

ಪಹಣಿ_ಪತ್ರ
ಆ ಕೊಠಡಿ ದಾನದ ಜಾಗದಲ್ಲಿದೆ ಅಂದಿರಲ್ಲ, ಕೆಡವುವ ಮೊದಲೇ ದಾನಪತ್ರ ಮುಗಿಸಿ. ಕಟ್ಟಡ ನಿಂತಿರುವವರೆಗೆ ಸ್ವಾಧೀನ ಶಾಲೆಯದ್ದು ಅಂತ ಕಣ್ಣಿಗೆ ಕಾಣುತ್ತದೆ. ಖಾಲಿ ಜಾಗ ಆದಮೇಲೆ ಬೇಲಿ ಹಾಕುವವರು ಬರುತ್ತಾರೆ.

ಶರಾವತಿ_ಹಿನ್ನೀರು
ವಾರಸುದಾರರು ಐದು ಜನ, ನಾಲ್ವರು ತಾಲ್ಲೂಕಿನಲ್ಲೇ ಇದ್ದಾರೆ, ಒಬ್ಬರು ಮುಂಬೈ. 11ಇಗೆ ಅರ್ಜಿ ನಾಡಕಚೇರಿಯಲ್ಲೇ ತಗೊಳ್ತಾರಾ ಮೇಡಂ?

ಪಹಣಿ_ಪತ್ರ
ತಗೊಳ್ತಾರೆ. ಚಾಲ್ತಿ ಪಹಣಿ, ಆಧಾರ್ ಪ್ರತಿ ಒಯ್ಯಿರಿ. ಪೌತಿ ಖಾತೆ ಆಗದೆ ತೀರಿಕೊಂಡವರ ಹೆಸರಲ್ಲಿ ಅರ್ಜಿ ನಡೆಯುವುದಿಲ್ಲ, ಅದು ಮೊದಲು.